ಘಟ್ಟದ ಸ್ಟೇಷನ್ನಿನಲ್ಲಿ ಒಂದು ಇರುಳು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲರು. ಕುಕ್ಕೆಗೆ ಹರಕೆ ಹೊತ್ತವರು, ಧರ್ಮಸ್ಥಳಕ್ಕೆ ಹೊರಟವರು, ಮಂಗಳೂರಿನ ಕಡೆ ನಂಟಸ್ತನವುಳ್ಳವರು, ಎಲ್ಲರೂ ಒಂದಲ್ಲ ಒಂದು ಸಲ ಈ ದಾರಿಯಲ್ಲಿ ಕಿಟಕಿಯ ಸರಳಿಗೆ ಹಣೆಯಿಟ್ಟು ಕುಳಿತವರೇ. ದೂರ ಸುಮಾರು 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೆ ಮೇಲ್ಪಟ್ಟ ಸೇತುವೆಗಳು. ನಡುವಣ ದೋಣಿಗಲ್ಲು, ಕಡಗರವಳ್ಳಿ, ಎಡಕುಮರಿ, ಸಿರಿಬಾಗಿಲು ಎಂಬ ಸ್ಟೇಷನ್ನುಗಳಲ್ಲಿ ಗಂಟುಮೂಟೆಯೊಡನೆ ಇಳಿಯುವವರು ವಿರಳ. ಬೆಟ್ಟ, ಕಾಡು, ಕೆಳಗೆಲ್ಲಿಯೋ ಮೊರೆಯುವ ಹೊಳೆ, ಇವುಗಳ ನಡುವೆ ರೈಲು ತನ್ನ ಕೆಲಸಕ್ಕಾಗಿ ತಾನೇ ಕಟ್ಟಿಕೊಂಡ ಮನೆಗಳವು. ದಾರಿಯು 50 ಅಡಿ ಸಾಗುವಷ್ಟರಲ್ಲಿ 1 ಅಡಿ ಇಳಿಯುತ್ತದೆ. ನಡೆದುಹೋಗುವವನಿಗೆ ಇದು ಇಳಿಜಾರೆಂದೇ ತೋರದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಗಳಿಂದ ಹೋಗುವ ಭಾರದ ಗಾಡಿಗಾದರೋ ಇದು ಪ್ರಪಾತಕ್ಕೆ ಸಮಾನ. ಆದುದರಿಂದ ಇಲ್ಲಿ ರೈಲು ತುಂಬಿದ ಬಸುರಿಯಂತೆ ಹೆಜ್ಜೆ ನೋಡಿ ಹೆಜ್ಜೆಯಿಡುತ್ತದೆ.

1979ರಲ್ಲಿ ಹಾಸನ ಮಂಗಳೂರುಗಳ ನಡುವೆ ಮೀಟರ್ ಗೇಜಿನ ಗಾಡಿ ಓಡತೊಡಗಿದಾಗ ನಾನಿನ್ನೂ ಹುಡುಗ. ಆಮೇಲೆ ತೊಂಬತ್ತರ ದಶಕದಲ್ಲಿ ಹಳಿಯನ್ನು ಅಗಲಮಾಡುವುದಕ್ಕಾಗಿ ಘಟ್ಟದ ದಾರಿಯನ್ನು ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಇಳಿದದ್ದು 2007ರ ಡಿಸೆಂಬರಿನಲ್ಲಿ. ಈ ದಾರಿಯ ಹಸುರನ್ನೂ ಜಲಪಾತಗಳನ್ನೂ ವರ್ಣಿಸಿದವರು ಸಾಕಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟುದು ಬೇರೊಂದು ಸಂಗತಿಯನ್ನು.

2023ರ ಆಷಾಢದಲ್ಲಿ ಮನೆಯವರೊಡನೆ ಕುಕ್ಕೆಗೆ ಹೊರಟಿದ್ದೆನು. ರಾತ್ರಿಯ ಗಾಡಿ. ಸಕಲೇಶಪುರ ದಾಟಿದ ಮೇಲೆ ಮಳೆ ಬಿಡದೆ ಹೊಡೆಯುತ್ತಿದ್ದಿತು. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಘಟ್ಟದ ನಡುವಣ ಒಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಎದುರು ಗಾಡಿಯ ಸುಳಿವಿಲ್ಲ. ಬೆಳಗಿನ ಪೂಜೆಗೆ ಸೇರಬೇಕೆಂದು ಹೊರಟ ಯಾತ್ರಿಕರು ಒಬ್ಬೊಬ್ಬರಾಗಿ ಎದ್ದು ಗೊಣಗತೊಡಗಿದರು. ನಮ್ಮ ಡಬ್ಬಿಯ ಮಹನೀಯರೊಬ್ಬರು ಬಾಗಿಲವರೆಗೆ ಹೋಗಿ ಬಂದು, "ಯಾರೋ ಒಬ್ಬರು ಬರಬೇಕಂತೆ, ಅವರು ಬರುವವರೆಗೂ ಗಾಡಿ ಬಿಡುವುದಿಲ್ಲವಂತೆ" ಎಂದು ವರ್ತಮಾನ ತಂದರು. ಮಂತ್ರಿಯೇ ಇರಬೇಕೆಂದು ಕೆಲವರು, ರೈಲ್ವೆಯ ದೊಡ್ಡ ಅಧಿಕಾರಿಯೆಂದು ಕೆಲವರು ತೀರ್ಮಾನಿಸಿದರು. ಒಬ್ಬ ದೊಡ್ಡ ಮನುಷ್ಯನಿಗಾಗಿ ಸಾವಿರ ಜನ ಕಾಯಬೇಕೇ ಎಂದು ನನಗೂ ಸಿಟ್ಟು ಬಂದಿತು. ಬಾಗಿಲಿಗೆ ಹೋಗಿ, ಛತ್ರಿ ಹಿಡಿದು ಎಂಜಿನ್ನಿನ ಕಡೆಯಿಂದ ಹಿಂದಿರುಗುತ್ತಿದ್ದ ಸ್ಟೇಷನ್ ಮಾಸ್ಟರನ್ನು ಪಾಠಶಾಲೆಯ ಕಂಠದಲ್ಲಿಯೇ ಗದರಿಸಿದೆನು.

ಆತನು ನಿಂತು, ದೀಪವನ್ನೆತ್ತಿ ನೋಡಿ, "ಮೇಷ್ಟ್ರೇ, ನೀವೇ? ದನಿ ಕೇಳಿಯೇ ಅಂದುಕೊಂಡೆ" ಎಂದನು. ಇಪ್ಪತ್ತೈದು ವರ್ಷದ ಕೆಳಗೆ ನನ್ನಲ್ಲಿ ಸಂಸ್ಕೃತ ಓದಿದ ಹುಡುಗ! ಓದಿದನೆನ್ನುವುದು ಉಪಚಾರದ ಮಾತು. ರಾಮಶಬ್ದವನ್ನು ಹೇಳುತ್ತ ಹೇಳುತ್ತ ಕಿಟಕಿಯಾಚೆಯ ಗಿಳಿಗಳನ್ನು ನೋಡುತ್ತಿದ್ದವನು. "ನಿನಗೆ ಅವಧಾನವೆಂಬುದೇ ಇಲ್ಲ" ಎಂದು ನಾನೇ ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನು. "ಒಬ್ಬನು ಬರಬೇಕು ಮೇಷ್ಟ್ರೇ, ಬಂದ ತಕ್ಷಣ ಬಿಡುತ್ತೇನೆ" ಎಂದಷ್ಟೇ ಹೇಳಿ ಅವನು ಒಳಕ್ಕೆ ಹೋದನು.

ಸ್ವಲ್ಪ ಹೊತ್ತಿನ ಮೇಲೆ ಮುಂದಣ ಸುರಂಗದ ಕತ್ತಲಿನಿಂದ ಸಣ್ಣದೊಂದು ಬೆಳಕು ಮೂಡಿತು. ಅಲುಗಾಡುತ್ತ ಹತ್ತಿರ ಬಂದಿತು. ಮೊಣಕಾಲಿನವರೆಗೆ ಕೆಸರು ಮೆತ್ತಿದ, ಮಳೆಯಂಗಿ ತೊಟ್ಟ ಒಬ್ಬ ಕೂಲಿಯಾಳು ಕೈದೀಪ ಹಿಡಿದು, ಕಂಕುಳಲ್ಲಿ ಒಂದು ಪುಸ್ತಕವನ್ನು ಅವಚಿಕೊಂಡು, ನಮ್ಮ ಡಬ್ಬಿಯ ಮುಂದೆಯೇ ಹಾದು ಆಫೀಸಿನೊಳಕ್ಕೆ ಹೋದನು. ಐದು ನಿಮಿಷದಲ್ಲಿ ಗಾಡಿ ಹೊರಟಿತು. ನಾವು ಕಾದಿದ್ದ ದೊಡ್ಡ ಮನುಷ್ಯ ಅವನೇ.

ಈ ಸಂಗತಿ ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇದ್ದಿತು. ಮರುವರ್ಷ, 2024ರ ಜುಲೈ ಮೊದಲ ಭಾಗದಲ್ಲಿ, ಶಿಷ್ಯನು ಮೇಲಿನವರ ಅನುಮತಿ ಪಡೆದು ನನ್ನನ್ನು ಕರೆಸಿಕೊಂಡನು. ಹಗಲಿನ ಗಾಡಿಯಲ್ಲಿ ಮಧ್ಯಾಹ್ನ ಇಳಿದು, ನಡುರಾತ್ರಿಗೆ ಸ್ವಲ್ಪ ಮೊದಲು ಮೇಲೇರುವ ಗಾಡಿಯನ್ನು ಹತ್ತುವವರೆಗೆ ನಾನು ಅಲ್ಲಿಯೇ ಒಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದೆನು.

ನಾಲ್ಕು ಗಂಟೆಗೆ ಶಿಷ್ಯನ ಪಾಳಿ ಆರಂಭವಾಯಿತು. ಹಿಂದಿನ ಪಾಳಿಯವನು ಎದ್ದು ಕುರ್ಚಿ ಬಿಟ್ಟರೆ ಇವನು ಕುಳಿತರಾಯಿತೆಂದು ನಾನು ತಿಳಿದಿದ್ದೆನು. ಹಾಗಲ್ಲ. ಯಾವ ಗಾಡಿ ಎಲ್ಲಿದೆ, ಯಾವ ಹಳಿಯ ಮೇಲೆ ಏನು ನಿಂತಿದೆ, ಎಲ್ಲಿ ಕೆಲಸ ನಡೆಯುತ್ತಿದೆ, ಎಲ್ಲಿ ನಿಧಾನವಾಗಿ ಹೋಗಬೇಕು, ಎಲ್ಲವನ್ನೂ ಅವನು ಡೈರಿಯಲ್ಲಿ ಬರೆದು ಓದಿ ಹೇಳಿದನು. ಇವನು ಕೇಳಿ, ತಾನೇ ಒಂದೊಂದನ್ನೂ ಗೋಡೆಯ ಪ್ಯಾನೆಲ್ಲಿನ ದೀಪಗಳೊಡನೆ ಹೋಲಿಸಿ ನೋಡಿ, ಆಮೇಲೆ ರುಜು ಹಾಕಿದನು. ಇಬ್ಬರೂ ಹತ್ತು ವರ್ಷದ ಗೆಳೆಯರು. ಆದರೂ ಆ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ನಂಬದವರಂತೆ ನಡೆದುಕೊಂಡರು.

ಸ್ಟೇಷನ್ ಮಾಸ್ಟರನ ಕೆಲಸದ ವಿಚಿತ್ರವೇನೆಂದರೆ, ತಾನು ಆಳುವ ದಾರಿಯನ್ನು ಅವನು ಕಣ್ಣಿನಿಂದ ನೋಡಲಾರನು. ಕಿಟಕಿಯಾಚೆ ಮಂಜು, ಎರಡು ಕಡೆಯೂ ಸುರಂಗದ ಬಾಯಿ. ಮುಂದಿನ ಸ್ಟೇಷನ್ನಿಗೂ ತನಗೂ ನಡುವೆ ಒಂದು ಕಾಲಕ್ಕೆ ಒಂದೇ ಗಾಡಿ ಇರಬೇಕೆಂಬುದು ರೈಲಿನ ಮೂಲಸೂತ್ರ. ಅಲ್ಲಿಯವನು "ದಾರಿ ತೆರವಾಗಿದೆ, ಕಳುಹಿಸು" ಎಂದು ಹೇಳಿದರೆ ಇವನು ಕಳುಹಿಸಬೇಕು. ನಮ್ಮ ತಾರ್ಕಿಕರು ಜ್ಞಾನಕ್ಕೆ ಸಾಧನಗಳಾದ ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನಗಳ ಸಾಲಿನಲ್ಲಿ ಶಬ್ದವನ್ನೂ ಸೇರಿಸಿದ್ದಾರೆ: ಆಪ್ತನಾದವನ ಮಾತು. ಪರೀಕ್ಷೆಗೆ ಬರೆಯುವುದಕ್ಕಾಗಿ ಇದನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟೆನು. ಒಂದು ಮಾತಿನ ಮೇಲೆ ಸಾವಿರ ಜನರ ಜೀವ ನಿಂತಿರುವುದನ್ನು ಕಂಡದ್ದು ಅಂದೇ.

ಆದರೆ ಮಾತು ಬರಿಯ ಬಾಯಿಮಾತಾದರೆ ಸಾಲದು. ನಿದ್ದೆಗಣ್ಣಿನಲ್ಲಿ ಯಾರಾದರೂ "ಹೂಂ" ಎಂದಾರು. ಅದಕ್ಕಾಗಿ ಪ್ರತಿಯೊಂದು ಸ್ಟೇಷನ್ನಿನಲ್ಲಿಯೂ ಯಾವ ಕ್ರಮಕ್ಕೂ ಒಳಪಡದ ಎರಡಂಕಿಯ ಸಂಖ್ಯೆಗಳನ್ನು ಅಚ್ಚುಮಾಡಿದ ಒಂದು ಹಾಳೆ ಇರುತ್ತದೆ. ಭರವಸೆ ಕೊಡುವವನು ತನ್ನ ಹಾಳೆಯಿಂದ ಒಂದು ಸಂಖ್ಯೆಯನ್ನು ಹೇಳಿ ಅಲ್ಲಿಯೇ ಹೊಡೆದುಹಾಕುತ್ತಾನೆ. ಕೇಳಿದವನು ಅದನ್ನು ತಿರುಗಿ ಹೇಳಿ ಬರೆದುಕೊಳ್ಳುತ್ತಾನೆ. ಪ್ರೈವೇಟ್ ನಂಬರ್ ಎಂದು ಇದರ ಹೆಸರು. ಸಂಖ್ಯೆಗೆ ಅರ್ಥವೇನೂ ಇಲ್ಲ. ಹೇಳಿದವನು ಎಚ್ಚರವಾಗಿದ್ದು, ಪುಸ್ತಕವನ್ನು ನೋಡಿ, ಮನಸ್ಸಿಟ್ಟು ಹೇಳಿದನೆಂಬುದಕ್ಕೆ ಅದು ಸಾಕ್ಷಿ. ಗುರುವು ಒಂದು ಸಲ ಹೇಳಿದುದನ್ನು ಶಿಷ್ಯನು ಎರಡು ಸಲ ಹೇಳುವ ವೇದದ ಸಂತೆಯ ಪದ್ಧತಿ ನನಗೆ ನೆನಪಾಯಿತು.

ಇಲ್ಲಿಯೇ ನಾನೊಂದು ತಪ್ಪು ಮಾಡಿದೆನು. ಮುಸ್ಸಂಜೆಯ ಹೊತ್ತು, ಶಿಷ್ಯನು ಟೆಲಿಫೋನು ಹಿಡಿದಿದ್ದನು. ಹೊರಗೆ ಯಾವುದೋ ಹಕ್ಕಿ ಮನುಷ್ಯನು ಸಿಳ್ಳು ಹಾಕಿದಂತೆ ಕೂಗಿತು. "ಅದು ಯಾವ ಹಕ್ಕಿಯಯ್ಯಾ?" ಎಂದು ನಾನು ಕೇಳಿದೆನು. ಅವನು ಉತ್ತರ ಕೊಡಲಿಲ್ಲ. ಮುಖ ತಿರುಗಿಸದೆ ನನ್ನ ಕಡೆ ಅಂಗೈಯನ್ನೆತ್ತಿ ತಡೆದನು. ಆಮೇಲೆ ಟೆಲಿಫೋನಿನಲ್ಲಿ, "ಇನ್ನೊಂದು ಸಲ ಮೊದಲಿನಿಂದ ಹೇಳಿ" ಎಂದು, ಗಾಡಿಯ ಸಂಖ್ಯೆಯಿಂದ ಹಿಡಿದು ಎಲ್ಲವನ್ನೂ ಹೇಳಿಸಿಕೊಂಡು, ಬರೆದು ಮುಗಿಸಿ, ನನ್ನ ಕಡೆ ತಿರುಗಿದನು.

"ತಪ್ಪು ತಿಳಿಯಬೇಡಿ ಮೇಷ್ಟ್ರೇ. ನಡುವೆ ಮಾತು ಬಂದರೆ ಬಿಟ್ಟಲ್ಲಿಂದ ಹಿಡಿಯುವಂತಿಲ್ಲ, ಮೊದಲಿಂದಲೇ ಶುರು ಮಾಡಬೇಕು. ಬಿಟ್ಟದ್ದು ಎಲ್ಲಿ ಅಂತ ನಮಗೆ ಗೊತ್ತಿದೆ ಅಂದುಕೊಳ್ಳುತ್ತೇವೆ, ಗೊತ್ತಿರುವುದಿಲ್ಲ."

ಗಿಳಿ ನೋಡುತ್ತಿದ್ದ ಹುಡುಗನು ಹಕ್ಕಿಯ ವಿಷಯದಲ್ಲಿ ಮೇಷ್ಟರ ಬಾಯಿ ಮುಚ್ಚಿಸಿದಂತಾಯಿತು. ನಾನು ಅಷ್ಟಾವಧಾನಗಳನ್ನು ಕಂಡವನು. ಅವಧಾನಿಯು ಎಂಟು ಮಂದಿಯ ಪ್ರಶ್ನೆಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಪದ್ಯ ಕಟ್ಟುತ್ತಿರುವಾಗ, ಅವನ ಏಕಾಗ್ರತೆಯನ್ನು ಕೆಡಿಸುವುದಕ್ಕೆಂದೇ ಅಪ್ರಸ್ತುತಪ್ರಸಂಗಿಯೊಬ್ಬನನ್ನು ನೇಮಿಸಿರುತ್ತಾರೆ. ಯಾರೂ ನೇಮಿಸದೆಯೇ ನಾನು ಆ ಪದವಿಯನ್ನು ಏರಿದ್ದೆನು. ಆದರೆ ಒಂದು ಭೇದವುಂಟು. ಅವಧಾನಿಯು ಕಾಗದವನ್ನು ಮುಟ್ಟಬಾರದು. ನೆನಪೇ ಅವನ ಕೀರ್ತಿ. ಇಲ್ಲಿ ನೆನಪನ್ನು ನಂಬುವುದೇ ಅಪರಾಧ. ಯಾವುದಾದರೊಂದು ಹಳಿಯನ್ನು ರಿಪೇರಿಗಾಗಿ ಮುಚ್ಚಿದ್ದರೆ, ಅದಕ್ಕೆ ಸಂಬಂಧಪಟ್ಟ ಗುಂಡಿಯ ಮೇಲೆ ಒಂದು ಮುಚ್ಚಳವನ್ನು ಸಿಕ್ಕಿಸುತ್ತಾರೆ. ಮನಸ್ಸು ಮರೆತರೂ ಒತ್ತಹೋದ ಬೆರಳಿಗೆ ಅದು ಅಡ್ಡವಾಗುತ್ತದೆ. ಕಂಠಪಾಠವನ್ನೇ ವಿದ್ಯೆಯ ತಿರುಳೆಂದು ಬಾಳಿದ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ರಾತ್ರಿ ಎಂಟರ ಮೇಲೆ ಪೆಟ್ರೋಲಿನವನು ಬಂದನು. ಮಳೆಗಾಲದಲ್ಲಿ ಹಳಿಯ ಉದ್ದಕ್ಕೂ ರಾತ್ರಿಯೆಲ್ಲ ನಡೆದು ಕಾಯುವ ಆಳು. ಬಾಗಲಕೋಟೆಯ ಕಡೆಯವನು. ಒಂದು ವರ್ಷದ ಹಿಂದೆ ಇಡೀ ರೈಲು ಕಾದದ್ದು ಇವನಿಗಾಗಿಯೇ ಎಂದು ಶಿಷ್ಯನು ನಕ್ಕು ಪರಿಚಯ ಹೇಳಿದನು. "ಹಳಿ ಮ್ಯಾಲ ಬಿದಿರಿನ ಮೆಳಿ ಬಿದ್ದಿತ್ರೀ ಯಪ್ಪಾ, ಕಡದು ಸರಿಸಿ ಬರೂದ್ರಾಗ ತಡ ಆತ್ರೀ" ಎಂದು ಅವನು ಇನ್ನೂ ಸಂಕೋಚಪಟ್ಟನು. ಇವನು ಇಲ್ಲಿಂದ ಹೊರಟು ನಡುದಾರಿಯವರೆಗೆ ಹೋಗುತ್ತಾನೆ. ಅತ್ತಣ ಸ್ಟೇಷನ್ನಿನಿಂದ ಬಂದವನೊಡನೆ ಪುಸ್ತಕವನ್ನು ಬದಲಾಯಿಸಿಕೊಂಡು ಹಿಂದಿರುಗುತ್ತಾನೆ. ಆ ಪುಸ್ತಕವು ಮಾಸ್ಟರನ ಕೈ ಸೇರಿದರೆ ನಡುವಣ ದಾರಿಯನ್ನೆಲ್ಲ ಮನುಷ್ಯನ ಕಣ್ಣು ನೋಡಿದೆಯೆಂದು ಅರ್ಥ. ಹೊತ್ತಿಗೆ ಬಾರದಿದ್ದರೆ? ಏನೋ ಸಣ್ಣ ಕಾರಣದಿಂದ ತಡವಾಗಿರಬಹುದು. ಅಥವಾ ಅವನು ನಡೆಯಬೇಕಾದ ನೆಲವೇ ಇಲ್ಲದಿರಬಹುದು. ಸುರಂಗಗಳ ನಡುವೆ ಮೊಬೈಲನ್ನು ನೆಚ್ಚುವಂತಿಲ್ಲ. ಆದುದರಿಂದ ಗಾಡಿಯನ್ನು ನಿಲ್ಲಿಸಬೇಕು. ಬಿಟ್ಟರೂ ಬರವಣಿಗೆಯ ಎಚ್ಚರಿಕೆ ಕೊಟ್ಟು, ಚಾಲಕನು ಹೆಜ್ಜೆಹೆಜ್ಜೆಗೂ ದಾರಿಯನ್ನು ನೋಡಿಕೊಂಡು ಹೋಗುವಂತೆ ಬಿಡಬೇಕು. ಇರಬೇಕಾದುದು ಕಾಣದಿರುವುದೇ ಒಂದು ಜ್ಞಾನಸಾಧನವೆಂದು ಕುಮಾರಿಲಭಟ್ಟನ ಮತದ ಮೀಮಾಂಸಕರು ಸಾಧಿಸುತ್ತಾರೆ. ಅನುಪಲಬ್ಧಿಯೆಂದು ಅದಕ್ಕೆ ಹೆಸರು. ಆ ರಾತ್ರಿ ನಮ್ಮ ರೈಲನ್ನು ಕಟ್ಟಿಹಾಕಿದ್ದುದು ಆ ಪ್ರಮಾಣವೇ. ನಾವಾದರೋ ಮಂತ್ರಿಯನ್ನು ಬೈಯುತ್ತ ಕುಳಿತಿದ್ದೆವು.

ಕತ್ತಲಲ್ಲಿ ಬೆಟ್ಟ ಜರಿಯುವುದು ಹೇಗೆ ತಿಳಿಯುತ್ತದೆಂದು ಅವನನ್ನೇ ಕೇಳಿದೆನು. ಶಿಷ್ಯನ ಕೈ ಖಾಲಿಯಿರುವುದನ್ನು ಈ ಸಲ ನೋಡಿಕೊಂಡೇ ಕೇಳಿದೆನೆಂಬುದನ್ನು ವಾಚಕರು ಗಮನಿಸಬೇಕು.

"ನೀರು ನೋಡಬೇಕ್ರೀ. ಗುಡ್ಡದಿಂದ ತಿಳಿನೀರು ಬರ್ತಿರತೈತಿ. ಅದು ಕೆಂಪಗಾತಂದ್ರ ಒಳಗ ಮಣ್ಣು ಎದ್ದೈತಿ ಅಂತ. ದಿನಾ ಬರೋ ನೀರು ನಿಂತ್ರೂ ಅಂಜಬೇಕ್ರೀ, ಅದು ಒಳಗ ಎಲ್ಯೋ ಕೂಡೈತಿ. ಗಿಡ ವಾಲಿದ್ರ ನೋಡಬೇಕು. ಸಣ್ಣ ಹಳ್ಳು ಪಟಪಟ ಉದುರೋ ಸಪ್ಪಳ ಕೇಳಿದ್ರ ನಿಂದರೂದ್ರಾಗ ಅರ್ಥಿಲ್ರೀ, ಓಡಬೇಕು."

ಓಡುವುದೆಂದರೆ ತನ್ನ ಜೀವ ಉಳಿಸಿಕೊಳ್ಳುವುದಕ್ಕಲ್ಲ. ಗಾಡಿ ಬರುವ ದಿಕ್ಕಿಗೆ ಕೆಂಪು ದೀಪ ತೋರಿಸುತ್ತ ಓಡಿ, 600 ಮೀಟರಿನಲ್ಲಿ ಒಂದು, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರಿಗೊಂದರಂತೆ ಮೂರು ಪಟಾಕಿಗಳನ್ನು ಹಳಿಗೆ ಕಟ್ಟಬೇಕು. ಚಕ್ರ ಹತ್ತಿದೊಡನೆ ಅವು ಸಿಡಿದು, ದೀಪ ಕಾಣದ ಮಂಜಿನಲ್ಲಿಯೂ ಚಾಲಕನಿಗೆ ಕೇಳುತ್ತವೆ. ತುಂಬಿ ಕದಡಿ ಹರಿಯುವ ನದಿಯನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವುದು ನ್ಯಾಯಶಾಸ್ತ್ರದಲ್ಲಿ ಅನುಮಾನಕ್ಕೆ ಕೊಡುವ ಹಳೆಯ ಉದಾಹರಣೆ. ಅಕ್ಷಪಾದನ ಹೆಸರನ್ನೂ ಕೇಳದ ಈ ಮನುಷ್ಯನು ಅದನ್ನು ಪ್ರತಿರಾತ್ರಿ ಒದ್ದೆ ಕಾಲಿನಿಂದ ನಡೆದು ಸಾಧಿಸುತ್ತಿದ್ದಾನೆ.

ಇಂತಹ ಕೆಲಸಗಳಲ್ಲಿ ಮನುಷ್ಯನ ಎಚ್ಚರ ಹೇಗೆ ಉಳಿಯುತ್ತದೆಂಬುದನ್ನು ಪಶ್ಚಿಮದವರು ವಿಮಾನ ನಡೆಸುವವರನ್ನು ನೋಡಿ ಬಹಳವಾಗಿ ವಿಚಾರಮಾಡಿದ್ದಾರೆ. ಮಿಕಾ ಎಂಡ್ಸ್‌ಲೀ ಎಂಬ ಅಮೆರಿಕದ ವಿದುಷಿಯು 1995ರಲ್ಲಿ ಇದನ್ನು ಮೂರು ಮೆಟ್ಟಲಾಗಿ ವಿಂಗಡಿಸಿದರು: ಸುತ್ತ ಇರುವುದನ್ನು ಕಾಣುವುದು, ಕಂಡದ್ದರ ಅರ್ಥವನ್ನು ತಿಳಿಯುವುದು, ಮುಂದೇನಾಗುವುದೆಂಬುದನ್ನು ಮೊದಲೇ ಅರಿಯುವುದು. ಘಟ್ಟದಲ್ಲಿ ನಾನು ಕಂಡ ವಿಶೇಷವೆಂದರೆ, ಈ ಮೂರೂ ಒಂದೇ ತಲೆಯಲ್ಲಿಲ್ಲ. ಕಾಣುವವನು ಕೆಸರಿನಲ್ಲಿದ್ದಾನೆ, ತಿಳಿಯುವವನು ಪ್ಯಾನೆಲ್ಲಿನ ಮುಂದೆ ಕುಳಿತಿದ್ದಾನೆ, ಯಾವ ಗಾಡಿ ಎಲ್ಲಿ ಯಾವುದನ್ನು ಸಂಧಿಸಬೇಕೆಂಬುದನ್ನು ದೂರದ ಮೈಸೂರಿನಲ್ಲಿ ಕುಳಿತ ಕಂಟ್ರೋಲರನು ಓರೆಗೆರೆಗಳ ನಕ್ಷೆಯಾಗಿ ಮುಂದಾಗಿಯೇ ಎಳೆದಿಟ್ಟುಕೊಂಡಿದ್ದಾನೆ. ಯಾರೊಬ್ಬರಲ್ಲಿಯೂ ಪೂರ್ಣಜ್ಞಾನವಿಲ್ಲ. ಒಬ್ಬರಿಂದೊಬ್ಬರಿಗೆ ಹೋಗುವ ಮಾತು ನಿಂತರೆ ಜ್ಞಾನವೇ ಇಲ್ಲ.

ಚಾಲಕನ ಸಂಗತಿಯನ್ನು ಶಿಷ್ಯನು ಹೇಳಿದನು. ಎಂಜಿನ್ನಿನಲ್ಲಿ ಇಬ್ಬರು. ಪ್ರತಿಯೊಂದು ಸಿಗ್ನಲನ್ನು ಕಂಡಾಗಲೂ ಒಬ್ಬನು ಅದರ ಬಣ್ಣವನ್ನು ಕೂಗಿ ಹೇಳಬೇಕು. ಇನ್ನೊಬ್ಬನು ತಾನೂ ನೋಡಿ ತಿರುಗಿ ಹೇಳಬೇಕು. ನಮ್ಮ ವೇದಾಂತದಲ್ಲಿ ಅಜ್ಞಾನಕ್ಕೆ ಎರಡು ಶಕ್ತಿಗಳನ್ನು ಹೇಳುವುದುಂಟು: ಇರುವುದನ್ನು ಮರೆಮಾಡುವ ಆವರಣ, ಇಲ್ಲದುದನ್ನು ತೋರಿಸುವ ವಿಕ್ಷೇಪ. ದಿನವೂ ಹಸುರು ಕಾಣುವ ಕಡೆ ಕೆಂಪಿದ್ದರೂ ದಣಿದ ಮನಸ್ಸು ಹಸುರನ್ನೇ ಕಂಡೀತು. ಹಗ್ಗದಲ್ಲಿ ಹಾವು ಕಂಡರೆ ಗಾಬರಿಯಷ್ಟೇ, ಹಾವಿನಲ್ಲಿ ಹಗ್ಗ ಕಂಡರೆ ಮರಣ. ಇಬ್ಬರಿಗೂ ಒಂದೇ ಭ್ರಮೆ ಒಂದೇ ಕ್ಷಣದಲ್ಲಿ ಹಿಡಿಯುವುದು ಅಪೂರ್ವವೆಂದೇ ಈ ಕೂಗು. ಇದಲ್ಲದೆ, ಸುಮಾರು ಒಂದು ನಿಮಿಷ ಚಾಲಕನ ಕೈಯಿಂದ ಯಾವ ಕ್ರಿಯೆಯೂ ನಡೆಯದಿದ್ದರೆ ದೀಪ ಮಿನುಗಿ, ಗಂಟೆ ಬಾರಿಸಿ, ಕೊನೆಗೆ ತಾನಾಗಿಯೇ ಬ್ರೇಕು ಹಾಕುವ ಯಂತ್ರವೊಂದಿದೆ. ಕಥೆ ಹೇಳುವ ಅಜ್ಜಿ ನಡುನಡುವೆ ನಿಲ್ಲಿಸಿ "ಹೂಂ ಅನ್ನೋ" ಎನ್ನುತ್ತಿದ್ದಳಷ್ಟೆ, ಅದೇ ಇದು.

ಇಷ್ಟೆಲ್ಲ ಇದ್ದರೂ ಮೋಸಹೋಗುವುದುಂಟು. 2023ರ ಜೂನ್ 2ರ ಸಂಜೆ ಒಡಿಶಾದ ಬಾಹಾನಗಾ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ನೇರದಾರಿಯ ಹಸುರು ದೀಪ ತೋರುತ್ತಿದ್ದಿತು. ಹಳಿಯ ಕೀಲು ಮಾತ್ರ ಸಾಮಾನಿನ ಗಾಡಿ ನಿಂತಿದ್ದ ಪಕ್ಕದ ಹಳಿಗೆ ತಿರುಗಿದ್ದಿತು. ಉರುಳಿದ ಡಬ್ಬಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಗೂ ತಗಲಿ, 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲಿನ ತಂತಿಗಳನ್ನು ಬದಲಾಯಿಸುವ ಕೆಲಸದಲ್ಲಿ ನಡೆದ ಲೋಪವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಚಾಲಕನು ಎಚ್ಚರವಾಗಿಯೇ ಇದ್ದನು, ಕಂಡದ್ದನ್ನೇ ಕಂಡನು. ಆಪ್ತನೆಂದು ನಂಬಿದ ದೀಪವೇ ಸುಳ್ಳು ನುಡಿಯಿತು. ಶಿಷ್ಯನು ಇದನ್ನು ಹೇಳುವಾಗ ಸ್ವರವನ್ನು ತಗ್ಗಿಸಿದನು. ನಮ್ಮ ಗಾಡಿಯನ್ನು ಅವನು ತಡೆದು ನಿಲ್ಲಿಸಿದ್ದುದು ಅದಾದ ಸ್ವಲ್ಪ ದಿನಗಳಲ್ಲಿಯೇ ಎಂಬುದು ಆಗ ನನಗೆ ಹೊಳೆಯಿತು.

ಹನ್ನೊಂದು ದಾಟಿದ ಮೇಲೆ ಕೆಳಗಿನಿಂದ ಒಂದು ಸಾಮಾನಿನ ಗಾಡಿ ಏರಿ ಬಂದು, ನಿಲ್ಲದೆ ಮುಂದೆ ಹೋಯಿತು. ಎಂಜಿನ್ನು ದಾಟಿತೆಂದು ನಾನು ಒಳಕ್ಕೆ ತಿರುಗಿದೆನು. ಶಿಷ್ಯನು ಮಳೆಯಲ್ಲಿಯೇ ಹಸುರು ದೀಪ ಹಿಡಿದು ನಿಂತಿದ್ದನು. ಅತ್ತಕಡೆ ಇನ್ನೊಬ್ಬ ಆಳು. ಕಾದು ಕೆಂಪಾದ ಅಚ್ಚು, ಜೋತಾಡುವ ಸರಪಣಿ, ಹೊಗೆ, ಏನಾದರೂ ಇದೆಯೇ ಎಂದು ಎರಡು ಮಗ್ಗುಲಿನಿಂದಲೂ ನೋಡಬೇಕಂತೆ. ಎಲ್ಲಕ್ಕಿಂತ ಮಿಗಿಲಾಗಿ ಕಟ್ಟಕಡೆಯ ಡಬ್ಬಿಯ ಹಿಂದಣ ಕೆಂಪು ದೀಪವನ್ನು ನೋಡಬೇಕು. ಅದು ಕಾಣದಿದ್ದರೆ, ಗಾಡಿಯ ಬಾಲ ಕಳಚಿ ಎಲ್ಲಿಯೋ ಸುರಂಗದಲ್ಲಿ ಉಳಿದಿದೆಯೆಂದು ತಿಳಿದು, ಹಿಂದಿನ ಸ್ಟೇಷನ್ನಿಗೆ "ದಾರಿ ತೆರವಾಯಿತು" ಎಂಬ ಮಾತನ್ನು ಕೊಡಕೂಡದು.

ನಾನು ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಜುಲೈ 26ರಂದು ಕಡಗರವಳ್ಳಿ ಎಡಕುಮರಿಗಳ ನಡುವೆ ಹಳಿಯ ಕೆಳಗಣ ಮಣ್ಣು ಕುಸಿದು, ಹಲವು ದಿನ ಸಂಚಾರವೇ ನಿಂತಿತೆಂದು ಪತ್ರಿಕೆಯಲ್ಲಿ ಓದಿದೆನು. ಯಾವ ಗಾಡಿಯೂ ಅದಕ್ಕೆ ಸಿಕ್ಕಿರಲಿಲ್ಲ. ಪತ್ರಿಕೆಯವರು ರದ್ದಾದ ರೈಲುಗಳ ಪಟ್ಟಿಯನ್ನು ಕೊಟ್ಟಿದ್ದರು. ಅಲ್ಲಿ ಯಾರಾರು ನಡೆಯುತ್ತಿದ್ದರೆಂಬುದು ಅದರಲ್ಲಿರಲಿಲ್ಲ.

ಆ ರಾತ್ರಿ ನನ್ನ ಗಾಡಿ ಬಂದಿತು. ಶಿಷ್ಯನು ನನ್ನ ಚೀಲವನ್ನು ಹತ್ತಿಸಿ, ಕಾಲು ಮುಟ್ಟಿ, ಓಡಿಹೋಗಿ ತನ್ನ ಜಾಗದಲ್ಲಿ ನಿಂತನು. ಗಾಡಿ ಕದಲಿತು. ಬಾಗಿಲಲ್ಲಿ ನಿಂತಿದ್ದ ನಾನು ಅವನ ಮುಂದೆ ಹಾಯುವಾಗ ಕೈಯೆತ್ತಿ ಬೀಸಿದೆನು. ಅವನು ನನ್ನನ್ನು ನೋಡಲಿಲ್ಲ. ಹಸುರು ದೀಪವನ್ನು ಹಿಡಿದು, ಮಳೆಗೆ ಕಣ್ಣು ಕಿರಿದುಮಾಡಿಕೊಂಡು, ಚಕ್ರಗಳನ್ನು ನೋಡುತ್ತ, ಇನ್ನೂ ಬಾರದ ಕಡೆಯ ಡಬ್ಬಿಯ ಕಡೆಗೆ ದೃಷ್ಟಿಯನ್ನು ತಿರುಗಿಸುತ್ತಿದ್ದನು.